ಗುರಿಕಾರರ ತೋಟಾ ಮರುಭರ್ತಿ: ಲೇತ್ ಮಾಲೀಕರೂ ಗುಜರಿ ವರ್ತಕರೂ ತಿಳಿದಿರಬೇಕಾದ ಸಂಗತಿಗಳು

ಹಟ್ಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರು ಭಾಗದ ವರ್ತಕರಿಗೆ ಸಿಡಿಮದ್ದು ಅಪರಿಚಿತ ಪದಾರ್ಥವಲ್ಲ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಿಂದ ಸ್ಥಾಪನೆಗೊಂಡು, 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಹಟ್ಟಿಯ ಹೆಸರನ್ನು ಪಡೆದ ಚಿನ್ನದ ಗಣಿಯಲ್ಲಿ ಬಂಡೆ ಒಡೆಯುವ ಕೆಲಸವು ಸಿಡಿಮದ್ದಿನಿಂದಲೇ ನಡೆದುಬಂದಿದೆ. ಅದನ್ನು ಲೆಕ್ಕವಿಲ್ಲದೆ ಒಂದು ಕಡ್ಡಿಯಷ್ಟೂ ಹೊರತೆಗೆಯುವಂತಿಲ್ಲ, ಪ್ರಮಾಣಪತ್ರವಿಲ್ಲದವನು ಮುಟ್ಟುವಂತಿಲ್ಲ ಎಂಬುದು ಗಣಿಯ ಸುತ್ತಲಿನ ಜನರಿಗೆಲ್ಲ ತಿಳಿದ ವಿಷಯ. ಆದರೆ ಅದೇ ಜಾತಿಗೆ ಸೇರಿದ ಇನ್ನೊಂದು ವಸ್ತುವಿನ ಬಗ್ಗೆ, ಅಂದರೆ ಪಿಸ್ತೂಲು ಮತ್ತು ರಿವಾಲ್ವರ್‌ಗಳ ತೋಟಾಗಳ (ಕಾಡತೂಸುಗಳ) ಬಗ್ಗೆ, ಇಷ್ಟು ಸ್ಪಷ್ಟವಾದ ತಿಳಿವಳಿಕೆ ನಮ್ಮ ಸಣ್ಣ ಉದ್ಯಮಿಗಳಲ್ಲಿ ಇಲ್ಲ.

ಗುರಿ ಹೊಡೆಯುವ ಕ್ರೀಡೆ ನಮ್ಮ ರಾಜ್ಯದಲ್ಲಿಯೂ ಬೆಳೆಯುತ್ತಿದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರು 2013ರಲ್ಲಿ ದಕ್ಷಿಣ ಕೊರಿಯಾದ ಚಾಂಗ್ವಾನ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚಿನ ಪದಕ ಗಳಿಸಿ, 2016ರ ರಿಯೊ ಒಲಿಂಪಿಕ್ಸ್‌ನಲ್ಲಿಯೂ ಭಾಗವಹಿಸಿದರು. ಕ್ರೀಡೆ ಬೆಳೆದಂತೆ ಅದರ ಸರಕುಗಳ ಬೇಡಿಕೆಯೂ ಬೆಳೆಯುತ್ತದೆ. ಬೇಡಿಕೆ ಬಂದಾಗ ಲೇತ್ ಕಾರ್ಖಾನೆಯವರೂ ಗುಜರಿ ವರ್ತಕರೂ ಸಾಗಣೆದಾರರೂ ಯಾವ ಕೆಲಸವನ್ನು ಒಪ್ಪಿಕೊಳ್ಳಬಹುದು, ಯಾವುದನ್ನು ಒಪ್ಪಿಕೊಳ್ಳಬಾರದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ತೋಟಾ ಎಂದರೇನು?

ಒಂದು ತೋಟಾದಲ್ಲಿ ನಾಲ್ಕು ಭಾಗಗಳಿವೆ. ಮೊದಲನೆಯದು ಹಿತ್ತಾಳೆಯ ಕವಚ. ಇದಕ್ಕೆ ಬಳಸುವ ಹಿತ್ತಾಳೆಯಲ್ಲಿ ಸುಮಾರು ಶೇಕಡ 70 ತಾಮ್ರ, 30 ಸತು ಇರುತ್ತದೆ. ಎರಡನೆಯದು ಕೇಪು, ಪೆಟ್ಟು ಬಿದ್ದೊಡನೆ ಕಿಡಿ ಕೊಡುವ ಪುಟ್ಟ ಬಟ್ಟಲು. ಮೂರನೆಯದು ಹೊಗೆರಹಿತ ಮದ್ದು. ನಾಲ್ಕನೆಯದು ಮುಂಭಾಗದಲ್ಲಿ ಕುಳಿತಿರುವ ಗುಂಡು. ಹೊಡೆದಾಗ ಮದ್ದು ಉರಿದು ಅನಿಲವಾಗುತ್ತದೆ. ಅನಿಲದ ಒತ್ತಡಕ್ಕೆ ಹಿತ್ತಾಳೆಯ ಕವಚ ಉಬ್ಬಿ ಕೋವಿಯ ಗೂಡಿಗೆ ಒತ್ತಿಕೊಂಡು ಅನಿಲವು ಹಿಂದಕ್ಕೆ ಸೋರದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ಲೋಹದ ಸ್ಥಿತಿಸ್ಥಾಪಕ ಗುಣದಿಂದ ಸ್ವಲ್ಪ ಕುಗ್ಗಿ ಸುಲಭವಾಗಿ ಹೊರಬರುತ್ತದೆ. ಮದ್ದು, ಕೇಪು, ಗುಂಡು ಈ ಮೂರೂ ಒಮ್ಮೆಗೇ ಮುಗಿದುಹೋಗುತ್ತವೆ. ಉಳಿಯುವುದು ಕವಚ ಮಾತ್ರ. ನಾಲ್ಕು ಭಾಗಗಳಲ್ಲಿ ಸಾಮಾನ್ಯವಾಗಿ ಅದೇ ಹೆಚ್ಚು ಬೆಲೆಯುಳ್ಳದ್ದು.

ಉಳಿದ ಕವಚಕ್ಕೆ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡುಗಳನ್ನು ಸೇರಿಸಿ ಮತ್ತೆ ತೋಟಾ ಮಾಡುವುದಕ್ಕೆ ಮರುಭರ್ತಿ ಎಂದು ಹೇಳಬಹುದು. ಅಮೆರಿಕ ಮತ್ತು ಯೂರೋಪಿನ ಅನೇಕ ದೇಶಗಳಲ್ಲಿ ಆಯಾ ದೇಶದ ಕಾನೂನಿಗೆ ಒಳಪಟ್ಟು ಗುರಿಕಾರರು ಮನೆಯಲ್ಲಿಯೇ ಇದನ್ನು ಮಾಡಿಕೊಳ್ಳುವ ರೂಢಿಯಿದೆ. ಅದಕ್ಕೆ ಬೇಕಾದ ಕೈ ಒತ್ತುಯಂತ್ರ, ಅಚ್ಚು, ತಕ್ಕಡಿಗಳನ್ನು ತಯಾರಿಸುವುದೇ ಅಲ್ಲಿ ಒಂದು ಉದ್ಯಮವಾಗಿದೆ.

ಎಲ್ಲ ತೋಟಾಗಳೂ ಮರುಭರ್ತಿಗೆ ಬರುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಒಲಿಂಪಿಕ್ಸ್‌ನ 25 ಮೀಟರ್ ಪಿಸ್ತೂಲು ಸ್ಪರ್ಧೆಗಳಲ್ಲಿ ಬಳಸುವ .22 ತೋಟಾದಲ್ಲಿ ಪ್ರತ್ಯೇಕ ಕೇಪು ಇರುವುದಿಲ್ಲ. ಕಿಡಿ ಕೊಡುವ ಮಿಶ್ರಣವನ್ನು ತಳದ ಅಂಚಿನೊಳಗೇ ತುಂಬಿರುತ್ತಾರೆ. ಹೊಡೆದಾಗ ಆ ಅಂಚು ಜಜ್ಜಿಹೋಗುವುದರಿಂದ ಕವಚ ಮತ್ತೆ ಬಳಕೆಗೆ ಬಾರದು. ಮರುಭರ್ತಿಯ ಮಾತು ಬರುವುದು ತಳದ ಮಧ್ಯದಲ್ಲಿ ಕೇಪು ಇರುವ ಸೆಂಟರ್ ಫೈರ್ ತೋಟಾಗಳಲ್ಲಿ ಮಾತ್ರ. ಗುರಿಕಾರರಲ್ಲಿ ಬಳಕೆಯಲ್ಲಿರುವ .32 ತೋಟಾ ಈ ಬಗೆಯದು.

ಗುರಿಕಾರರಿಗೆ ಇದರ ಅಗತ್ಯವೇನು?

25 ಮೀಟರ್ ಸೆಂಟರ್ ಫೈರ್ ಪಿಸ್ತೂಲು ಒಲಿಂಪಿಕ್ಸ್‌ನಲ್ಲಿ ಇಲ್ಲದಿದ್ದರೂ ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟವು ಮಾನ್ಯ ಮಾಡಿದ ಸ್ಪರ್ಧೆ. ಇದರಲ್ಲಿ 7.62 ಮಿಲಿಮೀಟರ್‌ನಿಂದ 9.65 ಮಿಲಿಮೀಟರ್ ವರೆಗಿನ ತೋಟಾಗಳಿಗೆ ಅವಕಾಶವಿದೆ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಜಸ್ಪಾಲ್ ರಾಣಾ ಅವರು 600ಕ್ಕೆ 590 ಅಂಕ ಗಳಿಸಿ ಅಂದಿನ ವಿಶ್ವದಾಖಲೆಯನ್ನು ಸರಿಗಟ್ಟಿದುದು ಈ ಸ್ಪರ್ಧೆಯಲ್ಲಿಯೇ.

ಒಂದು ಸ್ಪರ್ಧೆಗೆ 60 ಗುಂಡುಗಳು. ಅಷ್ಟನ್ನೇ ವಾರಕ್ಕೆ ಎರಡು ಬಾರಿ ಅಭ್ಯಾಸ ಮಾಡುವ ಗುರಿಕಾರನಿಗೆ ವರ್ಷಕ್ಕೆ 6,240 ತೋಟಾಗಳು ಬೇಕಾಗುತ್ತವೆ. ಇಲ್ಲಿ ಖರ್ಚಿನ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಖರ್ಚಿಗಿಂತಲೂ ಮುಖ್ಯವಾದುದು ಸಮಾನತೆ. ಒಂದು ತೋಟಾದಂತೆಯೇ ಮತ್ತೊಂದು ಇದ್ದರೆ ಮಾತ್ರ ಗುಂಡುಗಳು ಒಂದೆಡೆ ಬೀಳುತ್ತವೆ. ಆದುದರಿಂದ ಮರುಭರ್ತಿಗೆ ಅವಕಾಶವಿರುವ ದೇಶಗಳಲ್ಲಿ ಗುರಿಕಾರರು ತಮ್ಮ ಆಯುಧಕ್ಕೆ ಹೊಂದುವ ಹದವಾದ ತೋಟಾಗಳನ್ನು ತಾವೇ ಸಿದ್ಧಪಡಿಸಿಕೊಳ್ಳುತ್ತಾರೆ. ಕಾಗದದ ಮೇಲೆ ಅಚ್ಚುಕಟ್ಟಾದ ರಂಧ್ರ ಬೀಳಲೆಂದು ಮುಂಭಾಗ ಚಪ್ಪಟೆಯಾಗಿರುವ ಸೀಸದ ಗುಂಡನ್ನು ಬಳಸುವುದೂ ಇದೇ ಕಾರಣಕ್ಕೆ.

ಅಪಾಯವೂ ಇದರೊಡನೆಯೇ ಇದೆ. ಮದ್ದು ಎರಡು ಪಾಲು ಬಿದ್ದರೆ ಆಯುಧ ಕೈಯಲ್ಲಿಯೇ ಒಡೆಯಬಹುದು. ಮದ್ದು ಬೀಳದೇ ಹೋದರೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಅದನ್ನರಿಯದೆ ಮುಂದಿನದನ್ನು ಹೊಡೆದರೆ ನಳಿಗೆ ಸೀಳುತ್ತದೆ. ಪ್ರತಿ ಬಳಕೆಗೂ ಹಿತ್ತಾಳೆ ಗಡುಸಾಗಿ ಕೊನೆಗೆ ಬಿರುಕು ಬಿಡುತ್ತದೆ. ಸೀಸದ ಧೂಳು ಮತ್ತು ಹೊಗೆ ದೇಹಕ್ಕೆ ವಿಷ. ಗಣಿಯಲ್ಲಿ ಸಿಡಿಯದೆ ಉಳಿದ ರಂಧ್ರಕ್ಕೆ ಎಷ್ಟು ಹೆದರಬೇಕೋ ಇಲ್ಲಿಯೂ ಅಷ್ಟೇ ಹೆದರಬೇಕು.

ಕಾಯ್ದೆ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಈ ವಿಷಯವನ್ನು ಮುಖ್ಯವಾಗಿ 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳು ನಿಯಂತ್ರಿಸುತ್ತವೆ. ಮದ್ದಿಗೆ ಸಂಬಂಧಿಸಿದಂತೆ 1884ರ ಸ್ಫೋಟಕಗಳ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳೂ ಅನ್ವಯಿಸುತ್ತವೆ. ನಾಗಪುರದಲ್ಲಿ ಕೇಂದ್ರ ಕಚೇರಿ ಹೊಂದಿರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯು ಇವುಗಳ ಜಾರಿಯನ್ನು ನೋಡಿಕೊಳ್ಳುತ್ತದೆ.

ವರ್ತಕರು ಮೊದಲು ಗಮನಿಸಬೇಕಾದುದು ಆಯುಧ ಕಾಯ್ದೆಯ 2ನೆಯ ಕಲಮಿನಲ್ಲಿರುವ ಮದ್ದುಗುಂಡಿನ ವ್ಯಾಖ್ಯೆ. ಸಿದ್ಧವಾದ ತೋಟಾ ಮಾತ್ರವೇ ಮದ್ದುಗುಂಡು ಎಂಬ ಸಾಮಾನ್ಯ ನಂಬಿಕೆ ತಪ್ಪು. ಮದ್ದುಗುಂಡಿನ ಬಿಡಿಭಾಗಗಳು ಹಾಗೂ ಅದನ್ನು ತಯಾರಿಸುವ ಯಂತ್ರೋಪಕರಣಗಳು ಕೂಡ ಈ ವ್ಯಾಖ್ಯೆಯ ಒಳಗೆ ಬರುತ್ತವೆ. ಅಂದರೆ ತೋಟಾ ಒತ್ತಲೆಂದೇ ಮಾಡಿದ ಉಕ್ಕಿನ ಅಚ್ಚಿನಲ್ಲಿ ಒಂದು ಚಿಟಿಕೆ ಮದ್ದು ಇಲ್ಲದಿದ್ದರೂ ಕಾಯ್ದೆಯ ದೃಷ್ಟಿಯಲ್ಲಿ ಅದು ಮದ್ದುಗುಂಡೇ.

ಎರಡನೆಯದಾಗಿ, 3ನೆಯ ಕಲಮಿಗೂ 5ನೆಯ ಕಲಮಿಗೂ ಇರುವ ವ್ಯತ್ಯಾಸವನ್ನು ಅರಿಯಬೇಕು. 3ನೆಯ ಕಲಮು ಆಯುಧ ಮತ್ತು ಮದ್ದುಗುಂಡುಗಳನ್ನು ಪಡೆಯುವುದು, ಹೊಂದಿರುವುದು, ಒಯ್ಯುವುದು ಇವುಗಳಿಗೆ ಸಂಬಂಧಿಸಿದ್ದು. ಸಾಮಾನ್ಯ ಪರವಾನಗಿದಾರನ ಕೈಯಲ್ಲಿರುವುದು ಈ ಬಗೆಯ ಪರವಾನಗಿ. ತಯಾರಿಕೆ, ಮಾರಾಟ, ವರ್ಗಾವಣೆ, ಪರಿವರ್ತನೆ, ದುರಸ್ತಿ, ಪರೀಕ್ಷೆ ಇವು 5ನೆಯ ಕಲಮಿಗೆ ಸೇರಿದವು. ಇವಕ್ಕೆ ಬೇರೆಯೇ ಪರವಾನಗಿ ಬೇಕು. ಗಿರಾಕಿಯ ಬಳಿ ಪಿಸ್ತೂಲಿನ ಪರವಾನಗಿ ಇದ್ದ ಮಾತ್ರಕ್ಕೆ ಅವನಿಗೆ ತೋಟಾ ತಯಾರಿಸಿಕೊಡುವ ಅಧಿಕಾರ ನಮಗೆ ಬರುವುದಿಲ್ಲ.

ಮೂರನೆಯದು ಶಿಕ್ಷೆಯ ಪ್ರಮಾಣ. 2019ರ ತಿದ್ದುಪಡಿಯ ನಂತರ, 5ನೆಯ ಕಲಮನ್ನು ಉಲ್ಲಂಘಿಸಿ ತಯಾರಿಸುವ ಅಥವಾ ಮಾರುವವನಿಗೆ ಕನಿಷ್ಠ 7 ವರ್ಷಗಳಿಂದ ಜೀವಾವಧಿಯ ವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದಾಗಿದೆ. 33ನೆಯ ಕಲಮಿನಂತೆ ಅಪರಾಧವೆಸಗಿದುದು ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯಾಗಿದ್ದರೆ, ವ್ಯವಹಾರದ ಹೊಣೆ ಹೊತ್ತವರೂ ಉತ್ತರ ಕೊಡಬೇಕಾಗುತ್ತದೆ. ಅಂಗಡಿಯ ಕೆಲಸಗಾರ ಮಾಡಿದ, ಮಾಲೀಕನಿಗೆ ಏನೂ ಸಂಬಂಧವಿಲ್ಲ ಎಂಬ ಮಾತು ತನ್ನಷ್ಟಕ್ಕೇ ನಿಲ್ಲುವುದಿಲ್ಲ. ತನಗೆ ತಿಳಿಯದೆ ನಡೆಯಿತು, ತಡೆಯಲು ತಕ್ಕ ಎಚ್ಚರವಹಿಸಿದ್ದೆ ಎಂಬುದನ್ನು ಆತನೇ ತೋರಿಸಬೇಕಾಗುತ್ತದೆ.

ಕೊಡಗಿನ ಉದಾಹರಣೆಯನ್ನು ಕೆಲವರು ಮುಂದೊಡ್ಡುವುದುಂಟು. ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಸಲ್ಲಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುವ ಆ ನಾಡಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿಯಿದೆ. 2029ರ ವರೆಗೆ ವಿಸ್ತರಿಸಲಾದ ಈ ವಿನಾಯಿತಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಎತ್ತಿಹಿಡಿದಿದೆ. ಆದರೆ ಅದು ಒಂದು ಜನಸಮುದಾಯಕ್ಕೆ ಕೋವಿಯನ್ನು ಹೊಂದಿರಲು ಕೊಟ್ಟ ವಿನಾಯಿತಿ. ವ್ಯಾಪಾರಕ್ಕಾಗಿ ತೋಟಾ ತಯಾರಿಸಲು ಕೊಟ್ಟದ್ದಲ್ಲ. ರಾಯಚೂರು ಜಿಲ್ಲೆಯವರಿಗೆ ಅನ್ವಯಿಸುವಂಥದೂ ಅಲ್ಲ.

ಲೇತ್ ಕಾರ್ಖಾನೆಗೆ ಬರುವ ಆರ್ಡರು

ನಮ್ಮ ಭಾಗದ ಲೇತ್ ಕಾರ್ಖಾನೆಗಳು ಟ್ರ್ಯಾಕ್ಟರ್, ಪಂಪ್‌ಸೆಟ್, ಅಕ್ಕಿ ಗಿರಣಿಗಳ ಬಿಡಿಭಾಗಗಳನ್ನು ತಿರುವಿಕೊಟ್ಟು ಬದುಕುವಂಥವು. ಗಿರಾಕಿ ಮಾದರಿ ತಂದುಕೊಟ್ಟರೆ ಅಳತೆ ತೆಗೆದು ಹಾಗೆಯೇ ಮಾಡಿಕೊಡುವುದು ರೂಢಿ. ಇದು ಏನಕ್ಕೆ ಎಂದು ಕೇಳುವ ಪದ್ಧತಿ ಕಡಿಮೆ. ಒಬ್ಬ ಗಿರಾಕಿ ಬಂದು ಗಡುಸಾದ ಉಕ್ಕಿನಲ್ಲಿ ನುಣುಪಾದ ರಂಧ್ರವುಳ್ಳ ಒಂದು ಅಚ್ಚನ್ನೂ ಅದರೊಳಗೆ ಇಳಿಯುವ ಕಡ್ಡಿಯನ್ನೂ ಕೇಳಿದನೆಂದು ಭಾವಿಸೋಣ. ಕೂಲಿ ನಾಲ್ಕಾರು ನೂರು ರೂಪಾಯಿ. ಆ ಅಚ್ಚು ತೋಟಾ ಒತ್ತಲೆಂದು ಮಾಡಿಸಿದ್ದಾದರೆ, ಪರವಾನಗಿಯಿಲ್ಲದೆ ಮಾಡಿಕೊಟ್ಟವನು ಮದ್ದುಗುಂಡು ತಯಾರಿಸಿದ ಆರೋಪಕ್ಕೆ ಗುರಿಯಾಗಬಹುದು.

ಲೇತ್ ಸಾಮಾನ್ಯ ಯಂತ್ರ. ಅದನ್ನು ಇಟ್ಟುಕೊಂಡದ್ದು ತಪ್ಪಲ್ಲ. ಅದರಲ್ಲಿ ತಿರುವಿದ ವಸ್ತುವಿನ ಉದ್ದೇಶವೇ ಇಲ್ಲಿ ಮುಖ್ಯ. ಆದುದರಿಂದ ಆರ್ಡರು ಪುಸ್ತಕದಲ್ಲಿ ಗಿರಾಕಿಯ ಹೆಸರು, ವಿಳಾಸ, ವಸ್ತುವಿನ ನಕ್ಷೆ, ಯಾವ ಯಂತ್ರದ ಭಾಗ ಎಂಬ ವಿವರಗಳನ್ನು ಬರೆದಿಡುವುದು ಒಳ್ಳೆಯದು. ಉಪಯೋಗ ಹೇಳಲು ಗಿರಾಕಿ ಹಿಂಜರಿದರೆ ಆ ಕೆಲಸವನ್ನು ಬಿಟ್ಟುಬಿಡುವುದೇ ಲೇಸು. ಪಿಸ್ತೂಲು, ರಿವಾಲ್ವರ್, ನಾಡಬಂದೂಕುಗಳ ದುರಸ್ತಿಗೂ ಇದೇ ಮಾತು ಅನ್ವಯಿಸುತ್ತದೆ. ಬೆಳೆ ಕಾಯುವ ಬಂದೂಕು ಪರವಾನಗಿಯುಳ್ಳದ್ದೇ ಆಗಿದ್ದರೂ ಅದರ ಕುದುರೆಯನ್ನೋ ನಳಿಗೆಯನ್ನೋ ರಿಪೇರಿ ಮಾಡಲು ದುರಸ್ತಿಯ ಪರವಾನಗಿ ಇರುವ ಅಂಗಡಿಗೇ ಹೋಗಬೇಕು.

ಗುಜರಿ ವರ್ತಕರಿಗೆ

ಹಿತ್ತಾಳೆ ಒಳ್ಳೆಯ ಬೆಲೆಯ ಗುಜರಿ. ಖಾಲಿ ತೋಟಾಗಳು ಕೆ.ಜಿ. ಲೆಕ್ಕದಲ್ಲಿ ಮಾರಾಟಕ್ಕೆ ಬಂದರೆ ಅವನ್ನು ಹೇಗೆ ಪರಿಗಣಿಸಬೇಕು? ಕಾಯ್ದೆಯ 45ನೆಯ ಕಲಮಿನಲ್ಲಿ ಒಂದು ವಿನಾಯಿತಿಯಿದೆ. ಮದ್ದುಗುಂಡಿನ ಸಣ್ಣಪುಟ್ಟ ಬಿಡಿಭಾಗಗಳನ್ನು ಪಡೆಯುವುದು, ಹೊಂದಿರುವುದು, ಒಯ್ಯುವುದು ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಅವನ್ನು ತನ್ನ ಬಳಿಯ ಅಥವಾ ಇನ್ನೊಬ್ಬರ ಬಳಿಯ ಪೂರಕ ಭಾಗಗಳೊಡನೆ ಸೇರಿಸಿ ಬಳಸುವ ಉದ್ದೇಶ ಇರಕೂಡದು.

ಇದರ ತಾತ್ಪರ್ಯ ಹೀಗೆ: ಕರಗಿಸಲು ಹೋಗುವ ಹಿತ್ತಾಳೆಗೂ ಮತ್ತೆ ತುಂಬಲು ಹೋಗುವ ಹಿತ್ತಾಳೆಗೂ ಕಾಯ್ದೆ ವ್ಯತ್ಯಾಸ ಮಾಡುತ್ತದೆ. ಖಾಲಿ ಕವಚಗಳನ್ನು ಅಳತೆವಾರು ಬೇರ್ಪಡಿಸಿ, ತೊಳೆದು, ಎಣಿಸಿ, ಎಣಿಕೆಯ ಲೆಕ್ಕದಲ್ಲಿ ಮಾರಿದರೆ ಅದನ್ನು ಗುಜರಿ ಎಂದು ಸಮರ್ಥಿಸುವುದು ಕಷ್ಟ. ಚಪ್ಪಟೆಯಾಗಿ ಜಜ್ಜಿ, ತೂಕಕ್ಕೆ ಕೊಂಡು, ರಸೀದಿಯೊಡನೆ ಎರಕದ ಮನೆಗೆ ಕಳುಹಿಸಿದರೆ ಅನುಮಾನಕ್ಕೆ ಎಡೆ ಕಡಿಮೆ. ಗುಜರಿಯ ರಾಶಿಯಲ್ಲಿ ಒಂದೇ ಒಂದು ತುಂಬಿದ ತೋಟಾ ಕಂಡುಬಂದರೂ ಅದನ್ನು ಜಜ್ಜುವ, ಕರಗಿಸುವ ಸಾಹಸ ಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು. ಆಯುಧ ಕಾಯ್ದೆಯಡಿಯ ಅಪರಾಧ ನಡೆದುದು ಗೊತ್ತಾದಾಗ ಸಕಾರಣವಿಲ್ಲದೆ ಸುಮ್ಮನಿರುವಂತಿಲ್ಲ ಎಂದು 36ನೆಯ ಕಲಮು ಹೇಳುತ್ತದೆ. ವಾಹನದಲ್ಲಿ ಅನುಮಾನಾಸ್ಪದ ಪೆಟ್ಟಿಗೆ ಕಂಡರೆ ತಿಳಿಸಬೇಕಾದ ಹೊಣೆ ಸಾಗಣೆಯ ನೌಕರರ ಮೇಲೂ ಇದೆ. ಸಾಗಣೆ ಕಚೇರಿಯವರು ಇದನ್ನು ತಮ್ಮ ಚಾಲಕರಿಗೆ ತಿಳಿಹೇಳುವುದು ಅಗತ್ಯ.

ಮದ್ದು ಮತ್ತು ಕೇಪುಗಳ ವಿಷಯ ಇನ್ನೂ ಬಿಗಿ. ಸ್ಫೋಟಕ ನಿಯಮಗಳಲ್ಲಿ ಕರಿಮದ್ದು 1ನೆಯ ವರ್ಗ, ನೈಟ್ರೋ ಸಂಯುಕ್ತಗಳು 3ನೆಯ ವರ್ಗ, ಕೇಪು ಹಾಗೂ ತೋಟಾಗಳು 6ನೆಯ ವರ್ಗ ಎಂದು ವಿಂಗಡಿಸಲ್ಪಟ್ಟಿವೆ. ಗಣಿ ಅಥವಾ ಕಲ್ಲು ಕ್ವಾರಿಗೆಂದು ಕೊಟ್ಟ ಪರವಾನಗಿಯ ಸರಕನ್ನು ಬೇರೆ ಕೆಲಸಕ್ಕೆ ತಿರುಗಿಸುವುದು ಅಪರಾಧ. ಅಷ್ಟೇ ಅಲ್ಲ, ಬಂಡೆ ಒಡೆಯುವ ಮದ್ದಿಗೂ ಪಿಸ್ತೂಲಿನ ಮದ್ದಿಗೂ ಗುಣದಲ್ಲಿಯೇ ಭೇದವಿದೆ. ಒಂದು ಕ್ಷಣಾರ್ಧದಲ್ಲಿ ಆಸ್ಫೋಟಿಸುತ್ತದೆ. ಮತ್ತೊಂದು ನಿಯಮಿತವಾಗಿ ಉರಿಯುತ್ತದೆ. ಒಂದರ ಬದಲು ಇನ್ನೊಂದನ್ನು ಬಳಸುವ ಆಲೋಚನೆಯೇ ಪ್ರಾಣಾಂತಿಕ.

ಪರವಾನಗಿ ಪಡೆದು ಉದ್ಯಮ ನಡೆಸುವ ಮಾರ್ಗ

ತೋಟಾ ತಯಾರಿಕೆ ಖಾಸಗಿಯವರಿಗೆ ಪೂರ್ಣವಾಗಿ ಮುಚ್ಚಿದ ಕ್ಷೇತ್ರವಲ್ಲ. ಬಹುಕಾಲ ಪಿಸ್ತೂಲು ಮತ್ತು ರಿವಾಲ್ವರ್‌ಗಳ ತೋಟಾಗಳು ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಗಳಿಂದಲೇ ಬರುತ್ತಿದ್ದವು. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿಯನ್ನು ವಿಸರ್ಜಿಸಿ ಏಳು ಕಂಪನಿಗಳನ್ನಾಗಿ ಮಾಡಿದಾಗ ಖಡ್ಕಿ, ವರಣಗಾಂವ್ ಕಾರ್ಖಾನೆಗಳು ಪುಣೆಯ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಸೇರಿದವು. ಖಾಸಗಿ ವಲಯದಲ್ಲಿ 2024ರ ಫೆಬ್ರವರಿಯಲ್ಲಿ ಅದಾನಿ ಸಮೂಹವು ಕಾನ್ಪುರದಲ್ಲಿ ಮದ್ದುಗುಂಡಿನ ಕಾರ್ಖಾನೆಯನ್ನು ಆರಂಭಿಸಿತು.

ಕೇಂದ್ರ ಗೃಹ ಮಂತ್ರಾಲಯವು 2017ರ ಅಕ್ಟೋಬರ್‌ನಲ್ಲಿ ತಯಾರಿಕಾ ನಿಯಮಗಳನ್ನು ಸಡಿಲಿಸಿ, ಒಮ್ಮೆ ಕೊಟ್ಟ ತಯಾರಿಕಾ ಪರವಾನಗಿಯು ಕಂಪನಿಯು ಇರುವವರೆಗೂ ಊರ್ಜಿತವಾಗಿರುವಂತೆ ಮಾಡಿತು. ಆದರೆ ಇದು ಬೃಹತ್ ಬಂಡವಾಳ, ಭದ್ರತಾ ವ್ಯವಸ್ಥೆ, ಪರೀಕ್ಷಾಗಾರ, ಸುರಕ್ಷಿತ ಅಂತರವುಳ್ಳ ಜಮೀನು ಇವೆಲ್ಲವನ್ನೂ ಬಯಸುವ ಉದ್ಯಮ. ಶೆಡ್ಡಿನಲ್ಲಿ ಎರಡು ಲೇತ್ ಇಟ್ಟುಕೊಂಡವರು ಕೈಹಾಕುವಂಥದಲ್ಲ. ಮಾರಾಟದ ಅಂಗಡಿ ತೆರೆಯಲೂ ಪ್ರತ್ಯೇಕ ಪರವಾನಗಿ, ದಾಸ್ತಾನಿನ ಮಿತಿ, ದಿನದಿನದ ಲೆಕ್ಕದ ಪುಸ್ತಕ, ತಪಾಸಣೆ ಇವೆಲ್ಲ ಕಡ್ಡಾಯ. ಗುರಿಕಾರರು ಸಹ ತಮ್ಮ ತೋಟಾಗಳನ್ನು ಪರವಾನಗಿಯಲ್ಲಿ ನಮೂದಿಸಿದ ಪ್ರಮಾಣದಷ್ಟೇ ಅಧಿಕೃತ ಅಂಗಡಿಯಿಂದಲೋ, 1951ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ರೈಫಲ್ ಸಂಸ್ಥೆ ಮತ್ತು ಅದರ ರಾಜ್ಯ ಶಾಖೆಗಳ ಮೂಲಕವೋ ಪಡೆಯಬೇಕು.

ಪರವಾನಗಿಯ ಹಂಗಿಲ್ಲದ ವ್ಯಾಪಾರ

ಹಾಗಾದರೆ ಈ ಕ್ರೀಡೆಯಿಂದ ನಮ್ಮ ಸಣ್ಣ ಉದ್ಯಮಿಗಳಿಗೆ ಏನೂ ಲಾಭವಿಲ್ಲವೇ? ಖಂಡಿತವಾಗಿಯೂ ಇದೆ. ಗುರಿಕಾರನಿಗೆ ತೋಟಾದಷ್ಟೇ ಅಗತ್ಯವಾದ ಇತರ ಸರಕುಗಳಿವೆ.

ಮೊದಲನೆಯದು ಗುರಿ ಹಲಗೆಯ ಕಾಗದ. ಮುದ್ರಣಾಲಯದವರಿಗೆ ಇದು ಒಳ್ಳೆಯ ಕೆಲಸ. 25 ಮೀಟರ್ ನಿಖರತಾ ಹಂತದ ಗುರಿಯಲ್ಲಿ 10 ಅಂಕದ ವೃತ್ತದ ವ್ಯಾಸ 50 ಮಿಲಿಮೀಟರ್. ಪ್ರತಿ ವೃತ್ತಕ್ಕೂ 50 ಮಿಲಿಮೀಟರ್ ಹೆಚ್ಚುತ್ತ 1 ಅಂಕದ ವೃತ್ತ 500 ಮಿಲಿಮೀಟರ್ ಆಗುತ್ತದೆ. ಒಳಗಿನ 200 ಮಿಲಿಮೀಟರ್ ಭಾಗ ಕಪ್ಪು. 10 ಮೀಟರ್ ಏರ್ ಪಿಸ್ತೂಲಿನ ಗುರಿಯಲ್ಲಿ 10 ಅಂಕದ ವೃತ್ತ 11.5 ಮಿಲಿಮೀಟರ್, 1 ಅಂಕದ ವೃತ್ತ 155.5 ಮಿಲಿಮೀಟರ್, ಕಪ್ಪು ಭಾಗ 59.5 ಮಿಲಿಮೀಟರ್. ಹೊಳಪಿಲ್ಲದ, ಗುಂಡು ಹಾಯ್ದಾಗ ಹರಿಯದೆ ದುಂಡಗೆ ರಂಧ್ರ ಬೀಳುವ ಗಟ್ಟಿ ಕಾಗದ ಬೇಕು.

ಎರಡನೆಯದು ಗುರಿ ಹಿಡಿಯುವ ಚೌಕಟ್ಟು, ಅದನ್ನು ತಿರುಗಿಸುವ ಯಂತ್ರ, ಗುಂಡು ತಡೆಯುವ ಉಕ್ಕಿನ ಪೆಟ್ಟಿಗೆ ಇತ್ಯಾದಿ ಮೈದಾನದ ಸಾಮಗ್ರಿ. ವೆಲ್ಡಿಂಗ್ ಹಾಗೂ ಲೇತ್ ಕೆಲಸದವರ ಕೈಗೆ ಇದು ಸಲೀಸು. ಗುಂಡು ತಡೆಯುವ ಪೆಟ್ಟಿಗೆಯನ್ನು ಮಾತ್ರ ಅನುಭವಿಗಳ ನಕ್ಷೆಯಂತೆಯೇ ಮಾಡಬೇಕು. ತಟ್ಟೆಯ ಕೋನ ತಪ್ಪಿದರೆ ಸೀಸ ಹಿಂದಕ್ಕೆ ಸಿಡಿಯುತ್ತದೆ. ಮೂರನೆಯದು ಚರ್ಮದ ಚೀಲ, ಬೀಗವಿರುವ ಪೆಟ್ಟಿಗೆ, ಕಿವಿಯ ರಕ್ಷೆ, ಕಣ್ಣಿನ ರಕ್ಷೆಗಳಂಥ ಪರಿಕರ. ಇವು ಆಯುಧವೂ ಅಲ್ಲ, ಮದ್ದುಗುಂಡೂ ಅಲ್ಲ. ಸರಕುಪಟ್ಟಿ ಬರೆಯುವಾಗ ಜಿ.ಎಸ್.ಟಿ. ಸಂಕೇತವನ್ನೂ ಸರಿಯಾಗಿ ನೋಡಿಕೊಳ್ಳಬೇಕು. ತೋಟಾ ಮತ್ತು ಅದರ ಬಿಡಿಭಾಗಗಳು 93ನೆಯ ಅಧ್ಯಾಯದ 9306 ಶೀರ್ಷಿಕೆಯ ಕೆಳಗೆ ಬರುತ್ತವೆ. ಕಾಗದದ ಗುರಿಗೋ ಉಕ್ಕಿನ ಚೌಕಟ್ಟಿಗೋ ಆ ಸಂಕೇತ ಹಾಕಿ ಸುಮ್ಮನೆ ತೊಂದರೆಯನ್ನು ಆಹ್ವಾನಿಸಬಾರದು.

ಸದಸ್ಯರ ಗಮನಕ್ಕೆ

ಮೇಲಿನ ವಿವರಗಳ ಸಾರಾಂಶವನ್ನು ಹೀಗೆ ನೆನಪಿಡಬಹುದು.

1. ತೋಟಾದ ಬಿಡಿಭಾಗಗಳೂ ಅದನ್ನು ತಯಾರಿಸುವ ಉಪಕರಣಗಳೂ ಕಾಯ್ದೆಯ ಪ್ರಕಾರ ಮದ್ದುಗುಂಡೇ.

2. ಗಿರಾಕಿಯ ಪಿಸ್ತೂಲು ಪರವಾನಗಿಯು ತಯಾರಕನ ಪರವಾನಗಿಯಾಗದು.

3. ಗುಜರಿ ಹಿತ್ತಾಳೆಯನ್ನು ಜಜ್ಜಿದ ಸ್ಥಿತಿಯಲ್ಲಿ, ತೂಕಕ್ಕೆ, ರಸೀದಿಯೊಡನೆ ಮಾತ್ರ ವ್ಯವಹರಿಸಬೇಕು.

4. ಲೇತ್ ಕಾರ್ಖಾನೆಯ ಆರ್ಡರು ಪುಸ್ತಕದಲ್ಲಿ ವಸ್ತುವಿನ ಉಪಯೋಗವನ್ನು ಬರೆದಿಡಬೇಕು.

5. ಸಂದೇಹ ಬಂದಲ್ಲಿ ಜಿಲ್ಲಾ ದಂಡಾಧಿಕಾರಿಗಳ ಕಚೇರಿಗೆ ಲಿಖಿತವಾಗಿ ಬರೆದು, ಲಿಖಿತ ಉತ್ತರ ಬಂದ ಮೇಲೆಯೇ ಕೆಲಸಕ್ಕೆ ತೊಡಗಬೇಕು. ಬಾಯಿಮಾತಿನ ಒಪ್ಪಿಗೆ ನ್ಯಾಯಾಲಯದಲ್ಲಿ ಕೆಲಸಕ್ಕೆ ಬಾರದು.

ಗಣಿಯೊಳಗೆ ಸಿಡಿಮದ್ದನ್ನು ಎಣಿಸಿ ಕೊಟ್ಟು, ಉಳಿದುದನ್ನು ಎಣಿಸಿ ಹಿಂದಕ್ಕೆ ಪಡೆಯುವ ಶಿಸ್ತನ್ನು ಹಟ್ಟಿಯ ಜನ ತಲೆಮಾರುಗಳಿಂದ ಬಲ್ಲರು. ಅದೇ ಶಿಸ್ತು ನಮ್ಮ ಲೇತ್ ಶೆಡ್ಡಿನಲ್ಲಿಯೂ ಗುಜರಿ ಅಂಗಡಿಯಲ್ಲಿಯೂ ನೆಲೆಸಿದರೆ, ಬೆಳೆಯುತ್ತಿರುವ ಈ ಕ್ರೀಡೆಯ ವ್ಯಾಪಾರದಲ್ಲಿ ನಮ್ಮವರು ನಿರ್ಭಯವಾಗಿ ಪಾಲು ಪಡೆಯಬಹುದು. ನಾಲ್ಕಾರು ನೂರು ರೂಪಾಯಿಯ ಕೂಲಿಗಾಗಿ ಕಟ್ಟಿಕೊಂಡ ಉದ್ಯಮವನ್ನೇ ಕಳೆದುಕೊಳ್ಳುವ ಪ್ರಸಂಗ ಯಾವ ಸದಸ್ಯರಿಗೂ ಬರಬಾರದು.